ಸಿಮೆಂಟಿನ ನುಚ್ಚು

ವೀಳ್ಯದೆಲೆಯಷ್ಟಗಲದ ಗಾಜಿನ ಬಿಲ್ಲೆಯೊಳಗೆ ಸಿಮೆಂಟು ಹರಿಯುತ್ತಿತ್ತು. ಬಿಲ್ಲೆಯಲ್ಲಿ ಕೂದಲೆಳೆಗಿಂತ ಸಪೂರವಾದ ನಾಳಗಳು ಚಕ್ಕುಲಿಯಂತೆ ಸುತ್ತಿಕೊಂಡಿದ್ದವು. ಪುಡಿ ಬೆರೆತ ಸ್ಪಿರಿಟ್ಟು ಆ ಸುತ್ತುಗಳಲ್ಲಿ ವೇಗವಾಗಿ ತಿರುಗುವಾಗ ದಪ್ಪ ಕಣಗಳು ಒಳಗೋಡೆಯತ್ತ ಒತ್ತರಿಸಿಕೊಂಡು ಸಾಲುಗಟ್ಟುತ್ತಿದ್ದವು, ಸಣ್ಣವು ಹೊರಗೋಡೆಯ ಕಡೆ ಉಳಿಯುತ್ತಿದ್ದವು. ಕೊನೆಯಲ್ಲಿ ನಾಳ ಎರಡಾಗಿ ಕವಲೊಡೆದು ಒಂದು ಬಾಯಿಂದ ಹಿಟ್ಟು, ಇನ್ನೊಂದು ಬಾಯಿಂದ ತರಿ ಬೇರೆಬೇರೆಯಾಗಿ ಇಳಿಯುತ್ತಿತ್ತು. ಒಂದು ಬಿಲ್ಲೆಯಿಂದ ದಿನಕ್ಕೆ ಒಂದು ಚಮಚ ಪುಡಿಯೂ ಸಿಗದು. ಆದರೆ ಮುಗುಳಹಾಳದ ತಗಡಿನ ಶೆಡ್ಡಿನಲ್ಲಿ ನಿಂತಿದ್ದ ಕಪಾಟುಗಳಲ್ಲಿ ಅಂಥ ಲಕ್ಷಾಂತರ ಬಿಲ್ಲೆಗಳಿದ್ದವು. ವಿಜ್ಞಾನಿ ಇಂದುಮತಿ ಅದಕ್ಕೆ ಇಟ್ಟ ಹೆಸರು ‘ಕಿರುನಾಳ ವಿಂಗಡಕ’. ಎರಡು ಸಾವಿರದ ಐವತ್ತೊಂದನೇ ಇಸವಿಯ ಮಾಘ ಮಾಸ. ಆ ಊರಿಗೆ ಒಂದು ಹೊಸ ನೀರಿನ ಟಾಕಿ ಕಟ್ಟಿ ಆ ಯಂತ್ರವನ್ನು ಪರೀಕ್ಷಿಸಬೇಕೆಂದು ಆಕೆ ಬಂದಿದ್ದಳು.

ಟಾಕಿ ಕಟ್ಟುವ ಕೆಲಸ ಗೌಂಡಿ ಭೀಮಶ್ಯಾನದು. ಅವನು ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ನೋಡುತ್ತಿದ್ದ.

“ಬಾಯಾರೆ, ಸಿಮೆಂಟಿಗಿ ನೀರು ತಾಕಿದ್ರ ಕಲ್ಲಾಗ್ತದ. ಇಷ್ಟು ಸಣ್ಣ ಸಂದ್ಯಾಗ ಬಿಗದ್ಕೊಂಡು ಕೂಡಂಗಿಲ್ಲೇನ್ರಿ?”

“ಅದಕ್ಕೇ ನೀರು ಹಾಕಿಲ್ಲ ಭೀಮಶ್ಯಾ ಅವರೇ. ಸ್ಪಿರಿಟ್ಟಿನಲ್ಲಿ ಸಿಮೆಂಟು ಸುಮ್ಮನೆ ಮಲಗಿರುತ್ತೆ.”

“ಸ್ಪಿರಿಟ್ ಹೊಟ್ಟಿಗಿ ಬಿದ್ರ ಯಾರಾದ್ರೂ ಮಲಗ್ತಾರ ಬಿಡ್ರಿ,” ಎಂದ ಭೀಮಶ್ಯಾ. “ಇರ್ಲಿ, ಇದನ್ನ ಹಸನ ಮಾಡೋದು ಯಾತಕ್ಕ?”

ಇಂದುಮತಿ ವಿವರಿಸಿದಳು. ಸಿಮೆಂಟಿನ ಸಣ್ಣ ಕಣ ನೀರು ತಾಗಿದೊಡನೆ ಪೂರ್ತಿ ಕೆಲಸಕ್ಕೆ ಬರುತ್ತದೆ. ದಪ್ಪ ಕಣದ ಮೇಲಿನ ಸಿಪ್ಪೆ ಮಾತ್ರ ಗಟ್ಟಿಯಾಗುತ್ತದೆ, ಹೊಟ್ಟೆಯೊಳಗಿನದು ಹಾಗೆಯೇ ಉಳಿದುಬಿಡುತ್ತದೆ. ಅಂದರೆ ಸಿಮೆಂಟಿಗಾಗಿ ಭಟ್ಟಿಯಲ್ಲಿ ಅಷ್ಟು ಸುಣ್ಣದ ಕಲ್ಲು ಸುಟ್ಟದ್ದು ದಂಡ. ಹಿಟ್ಟನ್ನಷ್ಟೇ ಬಳಸಿದರೆ ಅರ್ಧ ಸಿಮೆಂಟಿನಲ್ಲಿ ಟಾಕಿ ಎದ್ದು ನಿಲ್ಲಬೇಕು, ಭಟ್ಟಿಯ ಹೊಗೆಯೂ ಅರ್ಧವಾಗಬೇಕು. ದಪ್ಪ ತರಿಯನ್ನು ಚೀಲ ತುಂಬಿ ಕಾರ್ಖಾನೆಗೆ ವಾಪಸು ಕಳಿಸುವುದೆಂದು ನಿರ್ಧಾರವಾಗಿತ್ತು.

ಭೀಮಶ್ಯಾ ತಲೆಯಾಡಿಸಿದನಾದರೂ ಅವನ ಮನಸ್ಸು ಬೇರೆ ಕಡೆ ಇತ್ತು. ಮುಗುಳಹಾಳ ಅವನ ಮಗಳು ಜಗದೇವಿಯನ್ನು ಕೊಟ್ಟ ಊರು. ಎರಡು ವರ್ಷದ ಹಿಂದೆ ಪಕ್ಕದ ಊರಿನಲ್ಲಿ ಅವನು ಕಟ್ಟಿದ ಟಾಕಿ ಸೋರಿ, ಬೀಗ ಮಲ್ಕಣ್ಣ ಸಿಕ್ಕಸಿಕ್ಕಲ್ಲಿ ಅದನ್ನೇ ಹೇಳಿಕೊಂಡು ನಗುತ್ತಿದ್ದ. ಈಗಿನ ಟಾಕಿಯ ಮೂಡಣ ಗೋಡೆಯಂತೂ ಮಲ್ಕಣ್ಣನ ಹಿತ್ತಲಿಗೇ ಮುಖ ಮಾಡಿತ್ತು. ಇದೂ ಸೋರಿದರೆ ಮಗಳು ಆ ಮನೆಯಲ್ಲಿ ತಲೆಯೆತ್ತಿ ಓಡಾಡುವುದು ಹೇಗೆ?

“ಬೀಗ್ರೆ, ಈ ಸಲ ನಮ್ಮ ಎಮ್ಮಿಗಳಿಗಿ ಹಿತ್ತಲದಾಗೇ ಜಳಕ ಆಗ್ತದೇನು?” ಪಾಯ ತೋಡುವ ದಿನವೇ ಮಲ್ಕಣ್ಣ ಬೇಲಿಯಾಚೆಯಿಂದ ಕೇಳಿದ್ದ.

“ಎಮ್ಮಿಗಿಂತ ಮೊದಲ ನೀವು ಮಾಡ್ರಿ, ಹಬ್ಬ ಬಂದು ಹೋಯ್ತು,” ಎಂದು ಭೀಮಶ್ಯಾ ಬಾಯಿ ಮುಚ್ಚಿಸಿದ್ದನೇನೋ ನಿಜ. ಒಳಗೆ ಮಾತ್ರ ಅಳುಕಿತ್ತು.

ಕೆಲಸ ಶುರುವಾಯಿತು. ಹಿಟ್ಟುಸಿಮೆಂಟಿನ ಗಾರೆ ಕೈಗೆ ಬೆಣ್ಣೆಯಂತೆ ಹತ್ತಿತು. ಭೀಮಶ್ಯಾನಿಗೆ ಅದು ಸೇರಲಿಲ್ಲ. ಬೆರಳ ನಡುವೆ ತಿಕ್ಕಿ ನೋಡಿದ, ಪುಟ್ಟಿಯಲ್ಲಿ ಮಗುಚಿ ನೋಡಿದ. ಇಷ್ಟು ಬೇಗ ಬಿಗಿಯುವ, ಇಷ್ಟು ಬಿಸಿಯಾಗುವ ಗಾರೆಯನ್ನು ಅವನು ಕಂಡಿರಲಿಲ್ಲ. ಅತ್ತ ಶೆಡ್ಡಿನ ಮೂಲೆಯಲ್ಲಿ ತರಿಯ ಚೀಲಗಳು ಬೆಳೆಯುತ್ತಿದ್ದವು. ಅವನ ಮನೆಯಲ್ಲಿ ಜೋಳದ ಹಿಟ್ಟು ಜರಡಿ ಹಿಡಿದ ಮೇಲೆ ಉಳಿದ ನುಚ್ಚನ್ನು ಯಾರೂ ಚೆಲ್ಲಿದ್ದಿಲ್ಲ, ಬೇಯಿಸಿ ಮಜ್ಜಿಗೆಯಲ್ಲಿ ಕಲಸಿ ಉಣ್ಣುತ್ತಿದ್ದರು. ಇದೂ ನುಚ್ಚೇ ಅಲ್ಲವೇ ಎಂದುಕೊಂಡ. ಇಂದುಮತಿ ಶೆಡ್ಡಿನಲ್ಲಿ ಯಂತ್ರದ ಮುಂದೆ ಕುಳಿತಿರುವಾಗ ಅವನು ಪ್ರತಿ ಪುಟ್ಟಿ ಗಾರೆಗೂ ಮೂರು ಬೊಗಸೆ ನುಚ್ಚು ಸುರಿದು ಕಲಸಿದ. ಹೀಗೆ ಮೂರು ಗೋಡೆಗಳು ಎದ್ದವು. ನಾಲ್ಕನೆಯದಾದ ಮೂಡಣ ಗೋಡೆ ಕಟ್ಟುವ ದಿನಗಳಲ್ಲಿ ಮಾತ್ರ ಆಕೆ ಚಿತ್ರ ತೆಗೆಯಲೆಂದು ಮುಂಜಾನೆಯಿಂದ ಸಂಜೆಯತನಕ ಪಕ್ಕದಲ್ಲೇ ನಿಂತುಬಿಟ್ಟಳು. ಅವನ ಕೈ ನುಚ್ಚಿನ ಚೀಲದತ್ತ ಹೋಗಲಿಲ್ಲ.

ಗೋಡೆಗಳಿಗೆ ತಿಂಗಳು ನೀರುಣಿಸಿ ಟಾಕಿ ತುಂಬಿದರು. ಮೂರನೆಯ ದಿನ ನಾಲ್ಕೂ ಗೋಡೆಗಳ ಮೇಲೆ ಒದ್ದೆ ಗೆರೆಗಳು ಕಂಡವು. ಕೂದಲಿನಂಥ ಬಿರುಕುಗಳಿಂದ ನೀರು ಜಿನುಗುತ್ತಿತ್ತು.

“ಬರ್ರೋ, ಬೀಗರ ಟಾಕಿ ಬೆವರ್ಲಾಕತ್ತದ!” ಎಂದು ಮಲ್ಕಣ್ಣ ಓಣಿಯನ್ನೇ ಕರೆದ. “ಪಾಪ, ಬಿಸಲ ಭಾಳ ಅದ, ಯಾರರೆ ಬೀಸಣಕಿ ತರ್ರಿ!”

ಜಗದೇವಿ ಕೊಡ ಎತ್ತಿಕೊಂಡು ತಂದೆಯ ಮುಖ ನೋಡದೆ ಒಳಗೆ ಹೋದಳು. ಭೀಮಶ್ಯಾನಿಗೆ ಅದಕ್ಕಿಂತ ಮಲ್ಕಣ್ಣನ ನಗುವೇ ಹಗುರವೆನಿಸಿತು. ಇಂದುಮತಿಯೂ ಮಂಕಾದಳು. ಹಿಟ್ಟುಸಿಮೆಂಟು ಬಿಸಿಯಾಗಿ ಆರುವಾಗ ಹೀಗೆ ಬಿರಿಯುತ್ತದೆ ಎಂದು ಅವಳ ಲೆಕ್ಕಾಚಾರ ಹೇಳಿರಲಿಲ್ಲ. ಟಾಕಿ ಒಡೆಯುವುದೋ ಬಿಡುವುದೋ ತಿಳಿಯದೆ ಇಬ್ಬರೂ ದಿನಾ ಬೆಳಿಗ್ಗೆ ಗೋಡೆ ಮುಟ್ಟಿ ಮುಟ್ಟಿ ನೋಡಿದರು.

ಹನ್ನೊಂದನೆಯ ದಿನ ಪಡುವಣ ಗೋಡೆ ಒಣಗಿತ್ತು. ಮರುದಿನ ತೆಂಕಣ, ಬಡಗಣ ಗೋಡೆಗಳೂ ಒಣಗಿದವು. ಬಿರುಕುಗಳಿದ್ದ ಕಡೆ ರಂಗೋಲಿ ಎಳೆದಂತೆ ಬಿಳಿ ಗೆರೆಗಳು ಮಾತ್ರ ಉಳಿದಿದ್ದವು. ಮೂಡಣ ಗೋಡೆ ಹನಿಯುತ್ತಲೇ ಇತ್ತು.

ಇಂದುಮತಿ ಮೂರು ಸುತ್ತು ಹಾಕಿದಳು. “ಒಂದೇ ಸಿಮೆಂಟು, ಒಂದೇ ಮರಳು, ಒಂದೇ ನೀರು. ಇದು ಹೇಗೆ ಸಾಧ್ಯ?”

ಭೀಮಶ್ಯಾ ತಲೆಯ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದ. “ಬಾಯಾರೆ, ಬೈಬ್ಯಾಡ್ರಿ. ಒಂದೇ ಸಿಮೆಂಟ್ ಅಲ್ರಿ. ಆ ಮೂರು ಗ್ವಾಡಿಗಿ ನಾ ನುಚ್ಚು ಹಾಕೀನಿ.”

“ಏನು? ನಾನು ಬೇರೆ ಮಾಡಿದ್ದನ್ನ ನೀವು ಮತ್ತೆ ಬೆರೆಸಿದಿರಾ?”

“ಹೂಂ ರೀ. ಚೆಲ್ಲಲಾಕ ಮನಸ್ ಬರ್ಲಿಲ್ಲ.”

ಇಂದುಮತಿ ಮರಳಿನ ಗುಡ್ಡೆಯ ಮೇಲೆ ಹಾಗೇ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ಅವಳ ಹೆಗಲು ಅಲುಗತೊಡಗಿತು. ಅಳುತ್ತಿದ್ದಾಳೆಂದು ಭೀಮಶ್ಯಾ ಗಾಬರಿಯಾದ. ಅವಳು ನಗುತ್ತಿದ್ದಳು.

“ದಪ್ಪ ಕಣದ ಹೊಟ್ಟೆಯೊಳಗೆ ಉಳಿಯುತ್ತೆ ಅಂದೆನಲ್ಲ, ಅದು ದಂಡ ಅಲ್ಲ ಭೀಮಶ್ಯಾ ಅವರೇ. ಬಿರುಕು ಬಿಟ್ಟಾಗ ಕಣವೂ ಒಡೀತು. ನೀರು ಒಳಕ್ಕೆ ಹೋಯ್ತು. ಮಲಗಿದ್ದ ಸಿಮೆಂಟು ಎದ್ದು ಊದಿಕೊಂಡು ಬಿರುಕು ಮುಚ್ಚಿತು. ಗೋಡೆ ತನಗೆ ತಾನೇ ಬೆಸೆದುಕೊಂಡಿದೆ. ಇದಕ್ಕೆ ‘ಸ್ವಯಂಬೆಸುಗೆ’ ಅನ್ನೋಣ. ಎಷ್ಟು ಹಾಕಿದಿರಿ?”

“ಮೂರು ಬೊಗಸಿ.”

“ಯಾರ ಬೊಗಸೆ?”

“ನನ್ನದೇ ರೀ, ಮತ್ಯಾರದ್ದು?”

ಅಂದು ಸಂಜೆಯವರೆಗೆ ಭೀಮಶ್ಯಾ ತಕ್ಕಡಿಯ ಮುಂದೆ ನಿಂತು ನಲವತ್ತು ಸಲ ಬೊಗಸೆ ತುಂಬಿ ಸುರಿದ. ಸಿಮೆಂಟನ್ನು ಅಷ್ಟು ಕಷ್ಟಪಟ್ಟು ಬೇರೆ ಮಾಡುವ ಯಂತ್ರದ ನಿಜವಾದ ಉಪಯೋಗ ಅದನ್ನು ಸರಿಯಾದ ಅಳತೆಯಲ್ಲಿ ಮತ್ತೆ ಕೂಡಿಸುವುದು ಎಂದು ಇಂದುಮತಿ ತನ್ನ ವರದಿಯಲ್ಲಿ ಬರೆದಳು. ಬಳಿಕ ಟಾಕಿಯ ನೀರು ಬಸಿದು, ಮೂಡಣ ಗೋಡೆಯ ಒಳಮೈಗೆ ಭೀಮಶ್ಯಾ ನುಚ್ಚು ಕೂಡಿಸಿದ ಗಾರೆ ಬಳಿದ. ಗಾರೆ ಬಲಿತ ಮೇಲೆ ತುಂಬಿದರೆ ಒಂದೆರಡು ದಿನ ಬೆವರಿ, ವಾರದೊಳಗೆ ಅದೂ ಒಣಗಿ ನಿಂತಿತು.

ಅದಾದ ಹದಿನೈದು ದಿನಕ್ಕೆ ಪಂಚಾಯಿತಿ ಕಟ್ಟೆಯಲ್ಲಿ ಸಭೆ ಸೇರಿತು. ಟಾಕಿಯನ್ನು ಊರಿಗೆ ಒಪ್ಪಿಸುವ ದಿನ. ಯಾರದಾದರೂ ತಕರಾರಿದೆಯೇ ಎಂದು ಅಧ್ಯಕ್ಷೆ ಕೇಳಿದಾಗ ಮಲ್ಕಣ್ಣ ಎದ್ದು ನಿಂತ. ಭೀಮಶ್ಯಾ ತಲೆಯ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

“ನಂದು ಅದ ರೀ ತಕರಾರು,” ಎಂದ ಮಲ್ಕಣ್ಣ. “ಟಾಕಿ ಸೋರ್ತದಂತ ನಂಬಿ ನಮ್ಮನ್ಯಾಕಿ ಗ್ವಾಡಿ ಬುಡಕ ಪುಂಡಿಪಲ್ಯದ ಬೀಜ ಹಾಕ್ಯಾಳ. ಗೇಣುದ್ದ ಎದ್ದಿತ್ತು. ಈಗ ನೋಡಿದ್ರ ಒಂದು ಹನಿ ಇಲ್ಲ! ಎಲ್ಲಾ ಒಣಗಿ ಕಡ್ಡಿ ಆಗ್ಯಾವ. ದಿನಾ ಮನ್ಯಾಗ ನನಗ ಬೈಗಳ. ಎಂಥಾ ಗೌಂಡಿನ್ರಿ ಇಂವ? ಇಷ್ಟು ದೊಡ್ಡ ಟಾಕಿ ಕಟ್ಯಾನ, ಹೆಸರಿಗರೆ ಒಂದ್ ಕಡಿ ಸೋರಬ್ಯಾಡೇನು?”

ಸಭೆ ಗೊಳ್ಳೆಂದಿತು. ಹೆಂಗಸರ ಸಾಲಿನಲ್ಲಿ ಜಗದೇವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ತಂದೆಯ ಕಡೆ ನೇರವಾಗಿ ನೋಡಿ ನಕ್ಕಳು. ಭೀಮಶ್ಯಾ ನಗಲಿಲ್ಲ. ಟವೆಲನ್ನು ಕೊಡವಿ ನಿಧಾನವಾಗಿ ತಲೆಗೆ ಸುತ್ತಿಕೊಂಡು, ಕಿವಿಯ ಹಿಂದೆ ಕೈ ಹಿಡಿದ.

“ಇನ್ನೊಮ್ಮಿ ಹೇಳ್ರಿ ಬೀಗ್ರೆ,” ಎಂದ. “ಜರಾ ಜೋರಾಗಿ. ಆ ಹಿಂದ ನಿಂತವ್ರಿಗಿ ಕೇಳ್ಸಿಲ್ಲ.”