ಪೆಟ್ರೋಲ್ ಕಾಕಿಗೊಂದು ಹೂ

ಸುಕೇಶ್ ಮಾಮ ಬುಲೆಟ್ಟಿನ ಕಿಕ್ ತುಳಿದ. ಅದು ಅರ್ಧಕ್ಕೇ ಗಕ್ಕನೆ ನಿಂತಿತು. ಹಿಂದೆ ಕೂತಿದ್ದ ಯಕ್ಷಿತಾಳ ಮೂಗಿಗೆ ಪೆಟ್ರೋಲ್ ವಾಸನೆ ಬಡಿಯಿತು.

"ಚಲೋ ನಾ ಮಾಮ, ಜೋರಾಗಿ ಹೊಡಿ."

"ಇಳಿ," ಎಂದ ಮಾಮ. ಅವನ ಮುಖ ಬಿಳಿಚಿತ್ತು. "ಒಳಗೆ ಏನೋ ತುಂಬಿ ತಡೀತಾ ಇದೆ. ಜೋರಾಗಿ ಹೊಡೆದ್ರೆ ಇಂಜಿನ್ನಿನ ರಾಡೇ ಬೆಂಡಾಗ್ತದೆ ಮಾರಾಯ್ತಿ."

ಅಷ್ಟರಲ್ಲಿ ಶೀಲಾವತಿ ಅಜ್ಜಿ ಆರತಿ ತಟ್ಟೆ ಹಿಡಿದು ಬಿಲ್ಡಿಂಗಿನ ಮೆಟ್ಟಿಲಿಳಿದರು.

"ಅಮ್ಮ, ದೀಪ ಆರಿಸು. ಹತ್ತಿರ ಬರಬೇಡ," ಎಂದು ಮಾಮ ಕೂಗಿದ. ಅಜ್ಜಿ ನಿಂತಲ್ಲೇ ದೀಪ ಆರಿಸಿದರು.

ಈ ಬುಲೆಟ್ ಅಜ್ಜನದು. ಫೋರ್ಟ್ ಏರಿಯಾದ ಹೋಟೆಲಿಗೆ ಅಜ್ಜ ದಿನಾ ಇದರಲ್ಲೇ ಹೋಗುತ್ತಿದ್ದರು. ಅಜ್ಜ ತೀರಿಕೊಂಡ ಮೇಲೆ ಮಾಮ ಓಡಿಸುತ್ತಿದ್ದ. ಆಯುಧಪೂಜೆಗೆಂದು ಎರಡು ದಿನ ಅದನ್ನು ಯಾರೂ ಹೊರಗೆ ತೆಗೆದಿರಲಿಲ್ಲ. ಪೂಜೆ ಮುಗಿದ ಮೇಲಿನ ಮೊದಲ ಸವಾರಿ ಪ್ರತಿ ವರ್ಷ ಯಕ್ಷಿತಾಳದೇ.

ಮಾಮ ಇಂಜಿನ್ನಿನ ಅಡಿಯ ಬೋಲ್ಟ್ ಬಿಚ್ಚಿದ. ದಪ್ಪಗೆ ಇಳಿಯಬೇಕಾದ ಆಯಿಲ್ ತಿಳಿಸಾರಿನ ಹಾಗೆ ಸುರಿಯಿತು. ಅವನು ಟ್ಯಾಂಕಿನ ಕೆಳಗಿದ್ದ ಚೆಂಡುಹೂ ಕಿತ್ತ. ಹೂವಿನ ಹಿಂದೆ ಪುಟ್ಟ ನಲ್ಲಿಯಂಥ ಪೆಟ್ರೋಲ್ ಕಾಕ್ ಇತ್ತು. ಅದರ ಹಿಡಿ ನೆಟ್ಟಗೆ ಕೆಳಗೆ ತಿರುಗಿತ್ತು.

"ಕಾಕ್ ಓಪನ್ ಇದೆ. ಹಳೇ ಗಾಡಿ, ಇದನ್ನು ಮುಚ್ಚದಿದ್ರೆ ಪೆಟ್ರೋಲ್ ಹನಿ ಹನಿಯಾಗಿ ಇಂಜಿನ್ನಿಗೆ ಇಳೀತದೆ. ಆಯಿಲ್ ಎಲ್ಲ ಹಾಳು." ಮಾಮ ಹಣೆ ಚಚ್ಚಿಕೊಂಡ. "ನಾನೇ ಮರೆತದ್ದು."

"ನಿನ್ನಪ್ಪ ಒಂದು ದಿನವೂ ಮರೆತದ್ದಿಲ್ಲ," ಎಂದರು ಅಜ್ಜಿ.

ಮಾಮ ಮೆಟ್ಟಿಲ ಮೇಲೆ ಕುಸಿದು ಕೂತ. "ನನ್ನ ಕೈಯಲ್ಲಿ ಇದು ಉಳಿಯೋದಿಲ್ಲ. ಪಕ್ಕದ ಬಿಲ್ಡಿಂಗಿನ ಧರ್ಮಣ್ಣ ಕೇಳ್ತಾ ಇದ್ದ. ಕೊಟ್ಟುಬಿಡ್ತೇನೆ."

ಯಕ್ಷಿತಾ ಮಾಮನ ಕೈಯಲ್ಲಿದ್ದ ಹೂ ನೋಡಿದಳು. ಪೂಜೆಯ ದಿನ ಬೈಕ್ ಒರೆಸಿ ಕುಂಕುಮ ಹಚ್ಚಿದ್ದು ಅವಳೇ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಮಾಮ, ಮೈಂನೇ... ನಾನೇ ತಿರುಗಿಸಿದ್ದು. ಅದು ಅಡ್ಡ ಇತ್ತು, ಹೂ ನಿಲ್ತಾ ಇರ್ಲಿಲ್ಲ."

"ಅಲ್ಲಿಗೆ ಯಾಕೆ ಹೂ ಇಡ್ಲಿಕ್ಕೆ ಹೋದದ್ದು?"

"ಬೈಕ್ ನಿಲ್ಸಿದ ಮೇಲೆ ನೀನು ಡೈಲಿ ಬಗ್ಗಿ ಅಲ್ಲೇ ಮುಟ್ತೀಯಲ್ಲ? ನಮಸ್ಕಾರ ಅಂದ್ಕೊಂಡೆ. ಅದಕ್ಕೇ ದೊಡ್ಡ ಹೂ ಅಲ್ಲಿಗೇ ಇಟ್ಟೆ."

ಮಾಮ ಕೈಯಲ್ಲಿದ್ದ ಬಾಡಿದ ಹೂವನ್ನೇ ನೋಡುತ್ತ ಕೂತ. "ಅದು ಕಾಕ್ ಮುಚ್ಚೋದು ಮಾರಾಯ್ತಿ," ಎಂದ ಕೊನೆಗೆ. "ಹೋಗು, ಪ್ಲಗ್ ಬಿಚ್ಚೋ ಪಾನಾ ತಾ."

ಅವಳು ಒಂದೇ ಓಟಕ್ಕೆ ಪಾನಾ ತಂದಳು. ಮಾಮ ಪ್ಲಗ್ ಬಿಚ್ಚಿ ಮೆಲ್ಲಗೆ ಕಿಕ್ ಒತ್ತಿದಾಗ ಒಳಗಿಂದ ಪೆಟ್ರೋಲ್ ಚಿಮ್ಮಿತು. ಇಷ್ಟೊಂದು ಇಳಿದಿತ್ತೇ ಎಂದು ಯಕ್ಷಿತಾ ಬೆಚ್ಚಿ ಹಿಂದೆ ಸರಿದಳು.

ಇಂಜಿನ್ ಒಣಗಲು ಬಿಟ್ಟು, ಹೊಸ ಆಯಿಲ್ ತುಂಬಿದ್ದಾಯಿತು. ಮರುದಿನ ಸಂಜೆ ಬುಲೆಟ್ ಗುಡುಗಿತು. ಇಬ್ಬರೂ ಮಾಟುಂಗಾದವರೆಗೆ ಹೋಗಿಬಂದರು. ಧರ್ಮಣ್ಣನ ಮಾತು ಯಾರೂ ಎತ್ತಲಿಲ್ಲ.

ಬೈಕ್ ನಿಲ್ಲಿಸಿ ಮಾಮ ಮೆಟ್ಟಿಲ ಕಡೆ ನಡೆದೇಬಿಟ್ಟ. ಬಗ್ಗಲಿಲ್ಲ. ಯಕ್ಷಿತಾ ಗಾಬರಿಯಿಂದ ಕೂಗಬೇಕೆಂದಿದ್ದಳು. ಆದರೆ ಅವನು ಮೊದಲ ಮೆಟ್ಟಿಲಲ್ಲೇ, ಹಿಂದೆ ತಿರುಗದೆ, ಕಾಯುತ್ತ ನಿಂತಿದ್ದ.

ಅವಳು ಬಗ್ಗಿ ಕಾಕಿನ ಹಿಡಿಯನ್ನು ಅಡ್ಡಕ್ಕೆ ತಿರುಗಿಸಿದಳು. ಅದರ ತುದಿ ಸವೆದು ನುಣ್ಣಗಾಗಿತ್ತು. ಅಜ್ಜನ ಬೆರಳೂ ದಿನಾ ಇಲ್ಲೇ ತಾಗಿರಬೇಕು.