ಮುಳ್ಳು ಮೂಡಿದ ಅಮ್ಮಣ್ಣಿ

ಬಹಳ ಹಿಂದಿನ ಮಾತು. ಏಳು ಬೆಟ್ಟಗಳ ನಡುವೆ ಹೊಂಬಾಳೆ ಎಂಬ ರಾಜ್ಯವಿತ್ತು. ಅರಸ ವೀರಮಾರ, ಅರಸಿ ಪದ್ಮಲೆ. ದೇವರು ಕೊಟ್ಟವಳು ಒಬ್ಬಳೇ ಮಗಳು, ಸೋಮಲೆ. ಅವಳು ಹಾಡದೆ ಅರಮನೆಯ ದೇವರಿಗೆ ಬೆಳಗಿನ ಮಂಗಳಾರತಿ ಆಗುತ್ತಿರಲಿಲ್ಲ.

ಹದಿನಾಲ್ಕು ತುಂಬಿದ ಮಾರನೆಯ ದಿನವೇ ಆ ಹುಡುಗಿ ಬೇರೆಯೇ ಆಗಿಬಿಟ್ಟಳು. ಹಾಡು ಬಿಟ್ಟಳು, ಊಟ ಬಿಟ್ಟಳು, ತಾಯಿ ಕರೆದರೆ ಕದ ಹಾಕಿಕೊಂಡಳು. ಅರಸ ಗದರಿದ, ಅವಳ ಬೆನ್ನಲ್ಲಿ ಮುಳ್ಳುಹಂದಿಯ ಮುಳ್ಳಿನಂಥದೊಂದು ಮೂಡಿತು. ಅರಸಿ ಬೈದಳು, ಇನ್ನೊಂದು ಮೂಡಿತು. ತಿಂಗಳೊಳಗೆ ಬೆನ್ನೆಲ್ಲ ಮುಳ್ಳಾಯಿತು.

ಆಗ ಧೂಮ್ರ ಎಂಬ ಮಾಂತ್ರಿಕ ಬಂದ. ನೋವನ್ನು ಹೇಳಿಕೊಳ್ಳಲಾಗದ ಮಕ್ಕಳಿಗೆ ಮುಳ್ಳು ಬರಿಸುವುದು, ಮನೆಯವರು ಹೊರಗಟ್ಟಿದ ಮೇಲೆ ಅವರನ್ನು ಮೃಗ ಮಾಡಿ ತನ್ನ ಮಂದೆಗೆ ಸೇರಿಸಿಕೊಳ್ಳುವುದು ಅವನ ವಿದ್ಯೆ. ಇದು ಯಾರಿಗೂ ಗೊತ್ತಿರಲಿಲ್ಲ. ಇವಳೊಳಗೆ ಮೃಗ ಹೊಕ್ಕಿದೆ, ಮೂರು ದಿನದಲ್ಲಿ ಕಾಡಿಗೆ ಬಿಡದಿದ್ದರೆ ರಾಜ್ಯ ಉಳಿಯದು ಎಂದ. ಅರಸ ತಲೆತಗ್ಗಿಸಿ ಒಪ್ಪಿದ.

ಲಾಯದಲ್ಲಿ ಕುದುರೆ ಪಳಗಿಸುವ ಮೈಲಾರನೆಂಬ ತರುಣನಿದ್ದ. ಅವನು ಬಂದು ಕೈಮುಗಿದು, ಆ ಮೂರು ದಿನ ತನಗೆ ಕೊಡಬೇಕೆಂದು ಬೇಡಿದ.

"ಸಾಧು ಕುದುರೆ ಇದ್ದಕ್ಕಿದ್ದಂತೆ ಒದ್ದರೆ ನಾವು ಹೊಡೆಯೋದಿಲ್ಲ ಬುದ್ಧಿ. ಗೊರಸು ಎತ್ತಿ ನೋಡ್ತೀವಿ."

"ನನ್ನ ಮಗಳೇನು ಕುದುರೆಯೇನೋ?"

"ಅಲ್ಲ ಬುದ್ಧಿ. ಕುದುರೆಯಾಗಿದ್ದರೆ ಇಷ್ಟು ಹೊತ್ತಿಗೆ ಯಾರಾದರೂ ನೋಡಿರ್ತಿದ್ದರು."

ಅರಸನಿಗೆ ಸಿಟ್ಟು ಬಂತು. ಆದರೂ ಹೂಂ ಎಂದ.

ಮೊದಲ ದಿನ ಸೋಮಲೆಯ ಹೊಸ್ತಿಲಲ್ಲಿ ಧೂಮ್ರನ ಹುಲಿ ಕೂತಿತ್ತು. "ಬುದ್ಧಿ ಹೇಳೋಕೆ ಬಂದ್ಯಾ?" ಎಂದು ಮೈಲಾರನನ್ನು ಕೇಳಿತು. ಇಲ್ಲ ಎಂದ. ಹುಲಿ ದಾರಿ ಬಿಟ್ಟಿತು. ಒಳಗೆ ಸೋಮಲೆ ಹಾಲಿನ ತಂಬಿಗೆ ಎಸೆದಳು. ಮೈಲಾರ ನೆಲ ಒರೆಸಿ, ಗೋಡೆಗೊರಗಿ ಕೂತು, ದೀಪ ಹಚ್ಚಿದ ಮೇಲೆ ಎದ್ದುಹೋದ.

ಎರಡನೆಯ ದಿನ ಹೆಬ್ಬಾವು ಮಲಗಿತ್ತು. "ಮದ್ದು ತಂದ್ಯಾ?" ಎಂದಿತು. ಇಲ್ಲ ಎಂದ. ಹಾವು ಸರಿಯಿತು. ಲದ್ದಿಯ ವಾಸನೆ ಹೊಡೆಯುತ್ತೀಯೆ ಎಂದು ಸೋಮಲೆ ಮೂಗು ಮುಚ್ಚಿಕೊಂಡಳು.

"ಹೌದು ಅಮ್ಮಣ್ಣಿ. ಎರಡು ಸಲ ಮಿಂದೆ, ಹೋಗಲಿಲ್ಲ."

ಅವಳ ತುಟಿ ಒಂದಿಷ್ಟು ಸಡಿಲವಾಯಿತು. ಆ ದಿನ ಹೊಸ ಮುಳ್ಳು ಮೂಡಲಿಲ್ಲ.

ಮೂರನೆಯ ದಿನ ಹದ್ದು ರೆಕ್ಕೆ ಅಡ್ಡಹಾಕಿ, "ಮತ್ಯಾಕೆ ಬಂದೆ?" ಎಂದಿತು.

"ಜೊತೆಗೆ ಕೂತ್ಕೊಳ್ಳೋಕೆ."

ಹದ್ದು ರೆಕ್ಕೆ ಮಡಿಸಿತು. ಕದದ ಹಿಂದೆ ಅರಸಿಯೂ ಬಂದು ನಿಂತಳು. ಸೂರ್ಯ ಮುಳುಗಿದರೆ ಮಗಳು ಕಾಡಿನ ಪಾಲು. ದೀಪ ಹಚ್ಚುವ ಹೊತ್ತಾದಾಗ, ಹಿಂದಿನ ಎರಡು ದಿನದಂತೆಯೇ, ಸೋಮಲೆ ಜಡೆ ಬಿಚ್ಚಿ, ಹೆಣೆಸಿಕೊಳ್ಳುವವಳಂತೆ ಬಾಗಿಲಿಗೆ ಬೆನ್ನು ಮಾಡಿ ಕೂತಳು. ಯಾರು ಬರಬೇಕಿತ್ತು ಎಂದು ಮೈಲಾರ ಮೆಲ್ಲಗೆ ಕೇಳಿದ.

ಅವಳು ಬಾಯಿಬಿಟ್ಟಳು. "ಬೊಮ್ಮವ್ವ. ನಾನೇ ಓಡಿಸಿಬಿಟ್ಟೆ. ಜಡೆ ಎಳೆದಳು ಅಂತ, ನೀನೇನು ನನ್ನ ಅಮ್ಮನಾ ಅಂದೆ. ಬೆಳಗಾದರೆ ಇರಲಿಲ್ಲ. ಹೆಸರೆತ್ತಿದರೆ ಎಲ್ಲರೂ ಬಾಯಿ ಮುಚ್ಚಿಸ್ತಾರೆ."

ಬೊಮ್ಮವ್ವ ಅವಳಿಗೆ ಹಾಲೂಡಿಸಿದ ದಾದಿ. ಮಗುವಿಗೆ ಹದಿನಾಲ್ಕು ತುಂಬಿದರೆ ದಾದಿಗೆ ಸೀರೆ ಬಳೆ ಕೊಟ್ಟು, ಮಗುವಿಗೆ ತಿಳಿಸದೆ, ಬೆಳಗಾಗುವ ಮೊದಲೇ ಹಿತ್ತಿಲ ಬಾಗಿಲಿಂದ ಕಳಿಸಬೇಕು. ನಲವತ್ತು ದಿನ ಅವಳ ಹೆಸರೆತ್ತಬಾರದು. ಬೀಳ್ಕೊಡುವಾಗ ಕಣ್ಣೀರು ಬಿದ್ದರೆ ಅಪಶಕುನ. ಇದು ಆ ಅರಮನೆಯ ಶಾಸ್ತ್ರ. ಅರಸಿ ಅದನ್ನು ಭಕ್ತಿಯಿಂದಲೇ ಮಾಡಿಸಿದ್ದಳು.

ಧೂಮ್ರ ಅಡ್ಡ ಬಂದು, ಹೆಸರೆತ್ತಿದರೆ ಅರಮನೆ ಉರಿದುಹೋಗುತ್ತದೆ ಎಂದು ಬೆದರಿಸಿದ. ಅರಸಿ ಕೇಳಲಿಲ್ಲ. ಒಳಗೆ ಬಂದು ಮಗಳನ್ನು ಮುಳ್ಳುಸಮೇತ ತಬ್ಬಿಕೊಂಡಳು. ತೋಳಿನಲ್ಲಿ ರಕ್ತ ಬಂತು.

"ಬೊಮ್ಮವ್ವನ್ನ ನೀನು ಓಡಿಸಲಿಲ್ಲ ಮಗಳೆ. ನಾವು ಕಳಿಸಿದೆವು. ನಿನಗೆ ಹೇಳದೆ ಹೋದೆವು, ತಪ್ಪು ನಮ್ಮದು."

ಸೋಮಲೆ ಗಟ್ಟಿಯಾಗಿ ಅತ್ತಳು. ಅತ್ತಂತೆಲ್ಲ ಮುಳ್ಳುಗಳು ನೆಲಕ್ಕುದುರಿದವು. ಧೂಮ್ರ ಹೊಗೆಯಾಗಿ ಕಿಟಕಿಯಿಂದ ಹೋದ. ಹುಲಿ, ಹೆಬ್ಬಾವು, ಹದ್ದು ಮೂರೂ ಮೂವರು ಮಕ್ಕಳಾಗಿ ನಿಂತವು. ಅರಸ ತಾನೇ ಜೊತೆಗೆ ಹೋಗಿ ಅವರನ್ನು ಮನೆಮನೆಗೆ ಮುಟ್ಟಿಸಿದ; ಪ್ರತಿ ಮನೆಯಲ್ಲೂ ಕೂತು ಮಾತಾಡಿ ಬಂದ.

ಮರುದಿನ ಬೊಮ್ಮವ್ವ ಪಲ್ಲಕ್ಕಿಯಲ್ಲಿ, ಮುಂಬಾಗಿಲಿಂದಲೇ ಬಂದಳು. ಸೋಮಲೆ ಸಿಟ್ಟಿನಲ್ಲಿ ಅಂದ ಮಾತನ್ನು ತಾನು ಅಂದೇ ಮರೆತೆನೆಂದಳು.

ಆಮೇಲೆ ಹೊಂಬಾಳೆಯವರು ನೆಮ್ಮದಿಯಾಗಿ ಬಾಳಿದರು. ಸೋಮಲೆ ಆಗಾಗ ಮುನಿಸಿಕೊಂಡು ಕದ ಹಾಕಿಕೊಳ್ಳುತ್ತಿದ್ದುದು ಉಂಟು. ಆಗ ಅರಸನೋ ಅರಸಿಯೋ ಕೈಲಿದ್ದ ಕೆಲಸ ಬಿಟ್ಟು ಬಂದು, ಕದ ತೆರೆಯುವವರೆಗೂ ಹೊಸ್ತಿಲಾಚೆ ಸುಮ್ಮನೆ ಕೂತಿರುತ್ತಿದ್ದರು.