ಕಂಕನಾಡಿಗೆ ಮೂರನೇ ಸ್ಥಾನ

“ಇದು ನೀವು ಬರೆದದ್ದಾ?”

ಶೆರ್ವಿನ್ ತನ್ನ ಫೋನನ್ನು ನನ್ನ ಮುಂದಿನ ಮೇಜಿನ ಮೇಲೆ ಇಟ್ಟ. ಎಸೆದಿದ್ದರೆ ಚೆನ್ನಾಗಿತ್ತು. ಅವನು ಮೆಲ್ಲಗೆ ಇಟ್ಟು, ಪರದೆಯನ್ನು ನನ್ನ ಕಡೆ ತಿರುಗಿಸಿ, ಒಂದು ಸಾಲಿನ ಕೆಳಗೆ ಬೆರಳು ಹಿಡಿದ. ಉಗುರಿನ ಸಂದಿಯಲ್ಲಿ ಮೈದಾ ಒಣಗಿತ್ತು.

‘ಸೆವರಿನ್ಸ್, ಕಂಕನಾಡಿ. ಹಿಟ್ಟಿಗೆ ಹಳಸಿದ ಹುಳಿ ವಾಸನೆ ಇದೆ. ಹಿಂದಿನ ದಿನ ಉಳಿದದ್ದನ್ನು ಬಳಸಿರಬೇಕು. ಮೂರನೇ ಸ್ಥಾನ.’

ಮಧ್ಯಾಹ್ನ ಮೂರು ಗಂಟೆ. ಸಂಜೆ ಐದಕ್ಕೆ ತೆರೆಯುವ ಅವನ ಪಿಜ್ಜಾ ಅಂಗಡಿಯಲ್ಲಿ ಆಗಲೇ ಬಂದು ಕುಳಿತ ಗಿರಾಕಿ ಎಂದರೆ ನಾನೊಬ್ಬಳೇ.

“ಹೌದು,” ಎಂದೆ.

“ನಿಮ್ಮ ಕಾಲೇಜಿನ ಬಾಸಿಲ್ ಹೇಳುವಾಗ ನಾನು ನಂಬ್ಲಿಲ್ಲ ಗೊತ್ತುಂಟಾ? ಪ್ರಣೀತಾ ಮೇಡಂ ಹಾಗೆಲ್ಲ ಬರೆಯುವವರಲ್ಲ ಅಂತ ಅವನ ಹತ್ತಿರ ಜಗಳ ಮಾಡಿದ್ದೇನೆ. ನಿಮ್ಮ ಪರವಾಗಿ!”

ಈ ಜಗಳಕ್ಕೆ ಮೂಲ ಬೇರೆ ಜಗಳ. ವಾಮಂಜೂರಿನ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಬಾಸಿಲ್, ರಮ್ಲಾ ಮತ್ತು ನಾನು ಆರು ತಿಂಗಳು ಒಂದೇ ವಿಷಯಕ್ಕೆ ಹೊಡೆದಾಡಿದ್ದೆವು. ಮಂಗಳೂರಿನಲ್ಲಿ ಒಳ್ಳೆಯ ಪಿಜ್ಜಾ ಎಲ್ಲಿ ಸಿಗುತ್ತದೆ? ದೊಡ್ಡ ಕಂಪನಿಗಳದ್ದು ಲೆಕ್ಕಕ್ಕಿಲ್ಲ, ಊರಿನವರು ಮಾಡಿದ್ದು ಮಾತ್ರ. ಬೋಳಾರದಲ್ಲಿ ಒಬ್ಬರು ಮನೆಯ ಜಗಲಿಯಲ್ಲೇ ಮಾಡಿ ಕೊಡುವ ಸಿಗಡಿ ಸುಕ್ಕದ ಪಿಜ್ಜಾದ ಮುಂದೆ ಬೇರೆಲ್ಲ ಬರೀ ಬ್ರೆಡ್ಡು ಎಂದು ಬಾಸಿಲ್. ಕಾಲೇಜಿನ ಎದುರಿನದ್ದೇ ಸರಿ ಎಂದು ರಮ್ಲಾ. ಕೊನೆಗೆ ಭಾನುವಾರಕ್ಕೊಂದು ಅಂಗಡಿಯಂತೆ ತಿಂದು ನೋಡುವುದು, ನಾನು ಬರೆದು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುವುದು, ಅಂಗಡಿಯವರಿಗೆ ಮಾತ್ರ ಹೇಳಬಾರದು ಎಂದು ತೀರ್ಮಾನವಾಯಿತು. “ನೀನು ಒಂದು ಮಾತಿಗೆ ಹತ್ತು ಸಲ ಯೋಚಿಸ್ತೀಯಲ್ಲ ಮಾರಾಯ್ತಿ, ನೀನೇ ಬರಿ,” ಎಂದಿದ್ದಳು ರಮ್ಲಾ. ನಮ್ಮ ಮೂವರಿಗೆಂದು ತೆರೆದ ಗ್ರೂಪಿನಲ್ಲಿ ಈಗ ಒಂಬೈನೂರು ಜನ ಇದ್ದರು.

ಸೆವರಿನ್ಸ್‌ಗೆ ನಾನು ಅವರಿಬ್ಬರ ಜೊತೆ ಬಂದದ್ದು ಒಂದು ಸಲ. ಆಮೇಲೆ ಒಬ್ಬಳೇ ಬಂದದ್ದು ನಾಲ್ಕು ಸಲ. ಇದು ಐದನೆಯದು.

ರುಚಿಯನ್ನು ಇನ್ನೊಮ್ಮೆ ಖಚಿತಪಡಿಸಿಕೊಳ್ಳಲು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಆದರೆ ಕೈ ತೊಳೆಯುವ ಬೇಸಿನ್ನಿನ ಮೇಲಿನ ಕನ್ನಡಿಯಲ್ಲಿ ಓವನ್ನಿನ ಮುಂದೆ ನಿಂತವನು ಪೂರ್ತಿ ಕಾಣುವ ಕುರ್ಚಿಯನ್ನೇ ಪ್ರತಿ ಸಲ ಆರಿಸಿಕೊಂಡೆ. ಅವನು ಹಿಟ್ಟನ್ನು ಅಂಗೈಯಿಂದ ತಳ್ಳುವಾಗ ಕೆಳತುಟಿ ಕಚ್ಚುತ್ತಾನೆ. ಬಲ ಹುಬ್ಬಿನ ಮೇಲೆ ಸದಾ ಒಂದು ಚಿಟಿಕೆ ಬಿಳಿ. ಮೂರನೆಯ ಸಲ ಕನ್ನಡಿಯಲ್ಲಿ ಕಣ್ಣಿಗೆ ಕಣ್ಣು ಸಿಕ್ಕಿದಾಗ ನಾನು ತಟ್ಟನೆ ತಲೆ ತಗ್ಗಿಸಿದೆ. ಅವನು ಬಂದು, “ಎಂತ ಮೇಡಂ, ಪಿಜ್ಜಾವನ್ನು ಪರೀಕ್ಷೆ ಪೇಪರ್ ತಿದ್ದಿದ ಹಾಗೆ ತಿಂತೀರಲ್ಲ? ಎಷ್ಟು ಮಾರ್ಕು?” ಎಂದು ನಕ್ಕಿದ್ದ. ನನ್ನ ಕಿವಿ ಬಿಸಿಯಾಗಿತ್ತು.

ಈಗ ಅವನು ನಗುತ್ತಿರಲಿಲ್ಲ.

“ಮೂರನೇ ಸ್ಥಾನ ಕೊಡಿ, ಹದಿಮೂರನೇದು ಕೊಡಿ. ಹಳಸಿದ್ದು ಅಂತ ಹೇಗೆ ಬರೆದ್ರಿ? ಮಮ್ಮಿ ದಿನಾ ಬೆಳಿಗ್ಗೆ ಏಳು ಗಂಟೆಗೆ ಹಿಟ್ಟು ಕಲಸುವುದು. ನಿಮ್ಮದು ಓದಿದ ಮೇಲೆ ನಾಲ್ಕು ದಿನ ಆಯ್ತು, ಅವರು ಅಡುಗೆಕೋಣೆಗೆ ಕಾಲಿಟ್ಟಿಲ್ಲ, ನಾನೇ ಕಲಸುವುದು. ‘ನಾನು ಹಳಸಿದ್ದು ಕೊಡುವವಳು ಅಂತ ಊರೆಲ್ಲ ಆಯ್ತಲ್ಲ’ ಅಂತ ಸುಮ್ಮನೆ ಕೂತಿದ್ದಾರೆ.”

“ಹುಳಿ ಇತ್ತು, ಶೆರ್ವಿನ್. ಐದು ಸಲವೂ ಇತ್ತು. ನಾನು ಸುಳ್ಳು ಬರೆದಿಲ್ಲ.”

“ಹುಳಿ ಇರ್ಲೇಬೇಕು! ಅದು ಶೇಂದಿಯ ಹುಳಿ.”

“ಎಂತದ್ದು?”

“ಶೇಂದಿ, ಕಳ್ಳು. ನಮ್ಮ ಮನೆಯಲ್ಲಿ ಹಬ್ಬಕ್ಕೆ ಸಾನ್ನಾಂ ಮಾಡ್ತೇವಲ್ಲ, ಇಡ್ಲಿಯ ಹಾಗೆ, ಅದು ಉಬ್ಬಲಿಕ್ಕೆ ಶೇಂದಿ ಹಾಕುವುದು. ಮಮ್ಮಿಗೆ ಪ್ಯಾಕೆಟಿನ ಯೀಸ್ಟ್ ಅಂದ್ರೆ ಆಗುವುದಿಲ್ಲ. ಶೇಂದಿ ತೆಗೆಯುವ ಮುದ್ದಣ್ಣ ಬೆಳಿಗ್ಗೆ ಮರದಿಂದ ಇಳಿಸಿದ್ದನ್ನು ತಂದು ಕೊಡ್ತಾರೆ, ಅದರಲ್ಲೇ ಕಲಸುವುದು. ಇಡೀ ಮಂಗಳೂರಲ್ಲಿ ಯಾರೂ ಹೀಗೆ ಮಾಡುವುದಿಲ್ಲ. ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ. ಕೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?”

ಮೊದಲ ಸಲ ನಾವು ಮೂವರು ಕುಳಿತಿದ್ದ ಮೇಜಿನ ಕಡೆ ನಾನು ನೋಡಿದೆ. ಅಲ್ಲಿ ರಮ್ಲಾ ಸ್ಕಾರ್ಫಿನ ತುದಿಯನ್ನು ಭುಜದ ಹಿಂದಕ್ಕೆ ಸರಿಸಿ, ಆರ್ಡರ್ ಕೊಡುವ ಮೊದಲು ಒಂದು ಪ್ರಶ್ನೆ ಕೇಳಿದ್ದಳು.

“ಶೆರ್ವಿನ್, ರಮ್ಲಾ ನಿಮ್ಮಲ್ಲಿ ಎಂತ ಕೇಳಿದ್ದು ಅವತ್ತು?”

“ಯಾವತ್ತು?”

“ಕೋಳಿ ಎಲ್ಲಿಂದ ಅಂತ ಕೇಳಿದ್ಳು. ಇಜಾಝ್‌ರ ಅಂಗಡಿಯದ್ದು, ಹಲಾಲ್, ಧೈರ್ಯದಲ್ಲಿ ತಿನ್ನಿ ಅಂದ್ರಿ. ಅವಳು ತಿಂದ್ಳು. ಮನೆಗೂ ಪಾರ್ಸೆಲ್ ತಗೊಂಡು ಹೋದ್ಳು.”

ಅವನ ಬೆರಳು ಫೋನಿನಿಂದ ಮೇಲೆದ್ದಿತು.

“ಓವನ್ನಲ್ಲಿ ಅದರ ಅಮಲೆಲ್ಲ ಹೋಗ್ತದೆ. ಏನೂ ಉಳಿಯುವುದಿಲ್ಲ.”

“ಉಳೀತದಾ ಇಲ್ಲವಾ ಅಂತ ಲೆಕ್ಕ ಹಾಕ್ಬೇಕಾದವರು ನೀವಲ್ಲ. ಅವಳು. ಕೋಳಿ ಬಗ್ಗೆ ಕೇಳಿದವಳು ಹಿಟ್ಟಿನ ಬಗ್ಗೆಯೂ ಕೇಳ್ಬೇಕಿತ್ತಾ? ಪಿಜ್ಜಾದ ಹಿಟ್ಟಲ್ಲಿ ಶೇಂದಿ ಇರ್ತದೆ ಅಂತ ಯಾರಿಗೆ ಹೊಳೀತದೆ?”

“ನಮಗೆ ಅದು ಶೇಂದಿ ಅಂತಲೇ ಕಾಣುವುದಿಲ್ಲ ಮಾರಾಯ್ರೆ! ಅದು ನಮ್ಮ ಯೀಸ್ಟು. ಮುಚ್ಚಿಟ್ಟದ್ದಲ್ಲ.”

“ಹೇಳಿದ್ದೂ ಅಲ್ಲ.”

“ನೀವು ಹೇಳಿದ್ರಾ? ಪಂಚಾಯ್ತಿಕೆ ಮಾಡ್ಲಿಕ್ಕೆ ಬಂದದ್ದು ಅಂತ? ದಿನಾ ಬಂದು ಆ ಕನ್ನಡಿಯಲ್ಲಿ...” ಅವನು ನಿಲ್ಲಿಸಿದ. ಕುತ್ತಿಗೆಯವರೆಗೂ ಕೆಂಪಾಗಿದ್ದ. “ನಾನೊಬ್ಬ ಮಂಗ. ಬೇರೆ ಏನೋ ಅಂದ್ಕೊಂಡಿದ್ದೆ.”

ಆ ಮಾತು ಎದೆಗೆ ಬಂದು ತಾಗಿದ ಜಾಗ ನನಗೆ ಗೊತ್ತಾಯಿತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

“ಹಿಟ್ಟಿನ ಬಗ್ಗೆ ನಾನು ಬರೆದದ್ದು ತಪ್ಪು. ಇವತ್ತೇ ತಿದ್ದುತ್ತೇನೆ. ಆದ್ರೆ ಶೇಂದಿ ವಿಷಯ ನೀವೇ ಹೇಳ್ಬೇಕು. ರಮ್ಲಾಳಿಗೆ ನಾನು ಈಗಲೇ ಹೇಳ್ತೇನೆ, ಅವಳು ನನ್ನ ಗೆಳತಿ. ಉಳಿದವರಿಗೆ ನಾಳೆ ಸಂಜೆ ಐದಕ್ಕೆ ನೀವು ಬಾಗಿಲು ತೆರೆಯುವ ಮೊದಲು ಹೇಳಿ. ಇಲ್ಲದಿದ್ರೆ ಗ್ರೂಪಲ್ಲಿ ನಾನು ಹಾಕ್ತೇನೆ.”

“ಹಾಕಿ! ಅಂಗಡಿಗೆ ಬೀಗವೂ ನೀವೇ ಹಾಕಿ ಹೋಗಿ. ಇವತ್ತು ನಾನು ತೆರೆಯುವುದಿಲ್ಲ.”

ಬ್ಯಾಗು ಎತ್ತಿಕೊಂಡು ಹೊರಗೆ ಬಂದೆ. ಮಾರ್ಕೆಟಿನ ರಸ್ತೆ ದಾಟುವಾಗ ಒಂದು ಬಸ್ಸು ಉದ್ದಕ್ಕೆ ಹಾರ್ನ್ ಬಾರಿಸಿತು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ ತುಳುವಿನಲ್ಲಿ ಬೈದ. ಅವನಿಗೂ ತಿರುಗಿ ಬೈದೆ. ನನ್ನ ಬಾಯಿಂದ ಅಂಥ ಮಾತು ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

ಬಸ್ ಸ್ಟಾಪಿನಿಂದಲೇ ರಮ್ಲಾಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

“ನನ್ನ ಉಮ್ಮನಿಗೂ ತಿನ್ನಿಸಿದ್ದೇನೆ,” ಎಂದಳು, ತಾಯಿಯನ್ನು ನೆನೆದು. “ಹಲ್ಲಿಲ್ಲದಿದ್ರೂ ಆಸೆಯಲ್ಲಿ ತಿಂದ್ರು. ಈಗ ಅವರಿಗೆ ಎಂತ ಹೇಳುವುದು? ನಿನಗೆ ಸಿಟ್ಟು ಬರ್ಲಿಲ್ಲವಾ?”

“ಬಂತು. ಬೈದು ಬಂದಿದ್ದೇನೆ.”

“ನೀನು ಬೈದದ್ದು ಸಾಲದು. ಅವನು ನನ್ನ ಹತ್ತಿರ ಮಾತಾಡ್ಲಿ.” ನನ್ನ ಮೂಗಿನ ಸದ್ದು ಕೇಳಿಸಿರಬೇಕು, “ನೀನ್ಯಾಕೆ ಅಳುವುದು?” ಎಂದಳು.

“ಅಳ್ತಿಲ್ಲ. ಶೀತ.”

“ಹ್ಞೂಂ. ಕಂಕನಾಡಿಯ ಶೀತ.”

ಆ ಸಂಜೆ ಗ್ರೂಪಿಗೆ ತಿದ್ದುಪಡಿ ಬರೆದೆ. ‘ಸೆವರಿನ್ಸ್ ಪಿಜ್ಜಾದ ಹಿಟ್ಟು ಹಳಸಿದ್ದು ಎಂದು ಬರೆದದ್ದು ನನ್ನ ತಪ್ಪು. ಅಂದಂದಿನ ಹಿಟ್ಟನ್ನೇ ಬಳಸುತ್ತಾರೆ. ಕೇಳದೆ ಬರೆದೆ, ಕ್ಷಮಿಸಿ. ಆ ಹಿಟ್ಟಿನ ಬಗ್ಗೆ ಅಂಗಡಿಯವರಿಗೆ ಹೇಳುವುದಿದೆ. ಅದನ್ನು ಕೇಳುವ ಮೊದಲು ಯಾರೂ ಅಲ್ಲಿ ತಿನ್ನಬೇಡಿ.’ ಕಳುಹಿಸುವ ಮುನ್ನ ಹನ್ನೊಂದು ಸಲ ಓದಿದೆ. ಶೆರ್ವಿನ್‌ಗೂ ಕಳುಹಿಸಿದೆ. ನೀಲಿ ಗೆರೆ ಎರಡು ಬಿದ್ದವು. ಉತ್ತರ ಬರಲಿಲ್ಲ.

ಮರುದಿನ ಕೊನೆಯ ಕ್ಲಾಸಿನಲ್ಲಿ ಏನು ಪಾಠ ಮಾಡಿದೆನೋ ನೆನಪಿಲ್ಲ. ಐದಕ್ಕೆ ಕಾಲು ಗಂಟೆ ಇರುವಾಗ ಕಂಕನಾಡಿಯಲ್ಲಿ ಇಳಿದೆ. ಫೋನಿನಲ್ಲಿ, ಗ್ರೂಪಿಗೆ ಹಾಕಬೇಕಾದ ನಾಲ್ಕು ಸಾಲು ಸಿದ್ಧವಾಗಿತ್ತು. ಅದನ್ನು ಕಳುಹಿಸಿದರೆ ಆ ಅಂಗಡಿಯ ಮೆಟ್ಟಿಲು ಇನ್ನು ಹತ್ತುವಂತಿಲ್ಲ. ಕಳುಹಿಸದಿದ್ದರೆ ರಮ್ಲಾಳ ಮುಖ ನೋಡುವಂತಿಲ್ಲ.

ಶಟರ್ ಅರ್ಧ ಎಳೆದಿತ್ತು. ಬಗ್ಗಿ ಒಳಗೆ ಹೋದೆ.

ಕನ್ನಡಿಯ ಎದುರು ನನ್ನ ಕುರ್ಚಿಯಲ್ಲಿ ಶೆರ್ವಿನ್‌ನ ತಾಯಿ ಐರಿನ್ ಆಂಟಿ ಕುಳಿತಿದ್ದರು. ಕನ್ನಡಕದ ಮೇಲಿಂದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಹಳಸಿದ್ದು ಅಂತ ಬರೆದವಳು ನೀನೇಯಾ?”

“ಹೌದು ಆಂಟಿ. ತಪ್ಪಾಯ್ತು.”

“ತಪ್ಪಾಯ್ತು ಅಂತೆ! ಮೂವತ್ತೆಂಟು ವರ್ಷ ಸಾನ್ನಾಂ ಮಾಡಿದ ಕೈ ಇದು. ನಮ್ಮ ಪಾದ್ರಿಯವರು ಕೇಳಿ ಹಾಕಿಸಿಕೊಂಡು ತಿಂತಾರೆ. ನಿನಗೆ ಮೂಗು ಉಂಟಾ ಇಲ್ಲವಾ? ಕೂತ್ಕೊ. ಅಲ್ಲಲ್ಲ, ಇಲ್ಲಿ. ಮಾತಾಡ್ಬೇಡ, ಅವನು ಫೋನಿನಲ್ಲಿದ್ದಾನೆ.”

ಶೆರ್ವಿನ್ ಓವನ್ನಿಗೆ ಬೆನ್ನು ಕೊಟ್ಟು ನಿಂತಿದ್ದ. ನಾನು ಬಂದದ್ದನ್ನು ಕಂಡೂ ಕಾಣದವನಂತೆ ಮಾತಾಡುತ್ತಿದ್ದ. “...ಹೌದು ಇಜಾಝ್ ಭಾಯ್, ಶೇಂದಿಯೇ. ಮೊದಲೇ ಹೇಳ್ಬೇಕಿತ್ತು. ನಿಮ್ಮ ಮಕ್ಕಳೂ ತಿಂದಿದ್ದಾರೆ, ಗೊತ್ತುಂಟು. ಬೈಯಿರಿ. ಬೈಯಿರಿ, ನಾನು ಕೇಳ್ತೇನೆ.” ಫೋನನ್ನು ಕಿವಿಯಿಂದ ಒಂದಿಷ್ಟೂ ದೂರ ಹಿಡಿಯದೆ ಕೇಳಿದ. ಬೈಗುಳ ನನಗೂ ಕೇಳಿಸಿತು.

“ಬೆಳಿಗ್ಗೆಯಿಂದ ಇದೇ,” ಎಂದರು ಐರಿನ್ ಆಂಟಿ, ದನಿ ಇಳಿಸಿ. “ಪಾರ್ಸೆಲಿಗೆ ನಂಬರ್ ಕೊಟ್ಟವರಿಗೆಲ್ಲ ಒಬ್ಬೊಬ್ಬರಿಗೇ ಮಾಡ್ತಿದ್ದಾನೆ. ಮೆಸೇಜ್ ಹಾಕು ಅಂದೆ. ಬಾಯಲ್ಲಿ ಹೇಳದ್ದನ್ನು ಬಾಯಲ್ಲೇ ಹೇಳ್ಬೇಕು ಅಂದ. ನಾನೂ ಅವನಿಗೆ ಬೈದೆ. ನಮ್ಮ ಮನೆಯ ರೀತಿ ನಮಗೆ ಸರಿ, ಹೊರಗಿನವರಿಗೆ ತಿನ್ನಿಸುವಾಗ ಹೇಳ್ಬೇಕು ಅಂತ ನನಗಾದ್ರೂ ಹೊಳೆಯಬೇಕಿತ್ತಲ್ಲ?”

ಕೊನೆಯ ಕರೆ ರಮ್ಲಾಳದ್ದು. ಶೆರ್ವಿನ್ ಮೊದಲ ಬಾರಿಗೆ ನನ್ನ ಕಡೆ ನೋಡಿ ಸ್ಪೀಕರ್ ಹಾಕಿದ.

“ರಮ್ಲಾ ಮೇಡಂ, ಮುಚ್ಚಿಟ್ಟದ್ದಲ್ಲ ಅಂತ ನಿನ್ನೆ ಪ್ರಣೀತಾರಿಗೆ ಹೇಳಿದ್ದೆ. ಅದು ಪೂರ್ತಿ ನಿಜ ಅಲ್ಲ. ನೀವು ಕೋಳಿ ಬಗ್ಗೆ ಕೇಳಿದಾಗ ಒಂದು ಸಲ ತಲೆಗೆ ಬಂದಿತ್ತು. ಹೇಳಿದ್ರೆ ಎದ್ದು ಹೋಗ್ತೀರಿ ಅಂತ ಸುಮ್ಮನಾದೆ.”

ಐರಿನ್ ಆಂಟಿ ಹಣೆಗೆ ಕೈ ಇಟ್ಟರು. ಇದನ್ನು ಹೇಳದೆಯೂ ಅವನು ಪಾರಾಗಬಹುದಿತ್ತು.

“ಎದ್ದು ಹೋಗ್ತಿದ್ದೆ, ಹೌದು,” ಎಂದಿತು ರಮ್ಲಾಳ ದನಿ. “ಬಿಲ್ ಕೊಡುವಾಗ ನಗಾಡಿಕೊಂಡು ಥ್ಯಾಂಕ್ಸ್ ಹೇಳಿದ್ರಿ, ನೆನಪುಂಟಾ? ಅದಕ್ಕೇ ನನಗೆ ಹೆಚ್ಚು ಸಿಟ್ಟು. ಕ್ಷಮಿಸಿದ್ದೇನೆ ಅಂತ ಇವತ್ತು ಹೇಳುವುದಿಲ್ಲ. ಬೋರ್ಡ್ ಹಾಕಿ, ದೊಡ್ಡದು. ಶೇಂದಿ ಇಲ್ಲದ ಹಿಟ್ಟು ಬೇರೆ ಪಾತ್ರೆಯಲ್ಲಿ ಮಾಡುವ ದಿನ ಫೋನ್ ಮಾಡಿ. ಬರ್ತೇನಾ ಇಲ್ಲವಾ ಆಗ ನೋಡುವ.”

ಕರೆ ಕಟ್ಟಾಯಿತು. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಎರಡು ನಿಮಿಷವಿತ್ತು. ಐರಿನ್ ಆಂಟಿ ನಮ್ಮಿಬ್ಬರನ್ನೂ ನೋಡಿ, ಏನೋ ನೆನಪಾದವರಂತೆ ಎದ್ದು ಒಳಗೆ ಹೋದರು. ಐದು ದಿನಗಳ ನಂತರ ಅಡುಗೆಕೋಣೆಯಲ್ಲಿ ಅವರ ಪಾತ್ರೆಯ ಸದ್ದಾಯಿತು.

“ಆಯ್ತಲ್ಲ?” ಎಂದ ಶೆರ್ವಿನ್. ಕಣ್ಣು ಕೆಂಪಾಗಿತ್ತು. “ಖುಷಿಯಾ? ಅರ್ಧ ಜನ ಇನ್ನು ಬರುವುದಿಲ್ಲ. ನಿಮ್ಮ ಮೇಲೆ ನನಗೆ ಎಷ್ಟು ಸಿಟ್ಟು ಉಂಟು ಅಂದ್ರೆ, ಹೇಳ್ಲಿಕ್ಕೆ ಸಾಧ್ಯ ಇಲ್ಲ.”

ನಾನು ಸಿದ್ಧವಾಗಿಟ್ಟಿದ್ದ ನಾಲ್ಕು ಸಾಲನ್ನು ಅಳಿಸಿದೆ. ಇವನು ನಿಜವನ್ನು ಕೊನೆಯ ಚೂರಿನವರೆಗೂ ಹೇಳಿದ್ದ. ನನ್ನ ಹತ್ತಿರ ಇನ್ನೂ ಒಂದು ಚೂರು ಉಳಿದಿತ್ತು.

“ಇನ್ನೊಂದು ಉಂಟು,” ಎಂದೆ. “ಅದು ಕೇಳಿದ್ರೆ ಇನ್ನೂ ಸಿಟ್ಟು ಬರ್ತದೆ.”

“ಇನ್ನೆಂತ ಉಂಟು ಮಾರಾಯ್ತಿ?”

“ನಿಮ್ಮದು ಮೂರನೇದಲ್ಲ.”

ಅವನು ಫೋನನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದ.

“ನಾನು ನಾಲ್ಕು ಸಲ ಬಂದದ್ದು ಪಿಜ್ಜಾಕ್ಕಲ್ಲ. ಬರೆಯಲಿಕ್ಕೆ ಕೂತಾಗ ಹೆದರಿಕೆ ಆಯ್ತು. ಒಳ್ಳೆದು ಬರೆದ್ರೆ ಬಾಸಿಲ್‌ನಿಗೆ, ರಮ್ಲಾಳಿಗೆ, ಎಲ್ಲರಿಗೂ ಗೊತ್ತಾಗ್ತದೆ ಅಂತ. ನಿಮಗೂ. ಅದಕ್ಕೆ ಒಂದು ಸ್ಥಾನ ಇಳಿಸಿದೆ. ಹುಳಿ ಅಂತ ಬರೆದರೆ ಸಾಕಿತ್ತು, ಹಳಸಿದ್ದು ಅಂತ ಸೇರಿಸಿದೆ. ನಿಮ್ಮನ್ನು ಇಷ್ಟಪಟ್ಟದ್ದು ಮುಚ್ಚಲಿಕ್ಕೆ ನಿಮ್ಮ ಮಮ್ಮಿಯ ಹೆಸರು ಹಾಳು ಮಾಡಿದೆ. ಇದನ್ನೂ ಗ್ರೂಪಲ್ಲಿ ಬರೀತೇನೆ, ಇಷ್ಟಪಟ್ಟದ್ದನ್ನೂ ಸೇರಿಸಿ.”

ಒಂದು ಪದವನ್ನೂ ತಿದ್ದದೆ ಆಡಿದ ಮಾತು ಅದು. ಹಿಂದಕ್ಕೆ ತೆಗೆದುಕೊಳ್ಳಲು ಬರುವಂತಿರಲಿಲ್ಲ. ಒಳಗಿನ ಪಾತ್ರೆಯ ಸದ್ದು ನಿಂತಿತ್ತು. ಐರಿನ್ ಆಂಟಿ ಕೇಳಿಸಿಕೊಳ್ಳುತ್ತಿದ್ದರು.

“ಇಷ್ಟು ಸಿಟ್ಟಿರುವಾಗ ಬಂದು ಹೇಳುವುದಾ ಇದನ್ನು?” ಎಂದ ಅವನು. “ಸಿಟ್ಟು ಇಳಿದ ಮೇಲೆ ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ?”

“ಇಳಿದ ಮೇಲೆ ನನಗೆ ಧೈರ್ಯ ಇರುವುದಿಲ್ಲ.”

ಅವನು ಹತ್ತಿರ ಬಂದ. ಬೆಳಿಗ್ಗೆಯಿಂದ ಬೈಗುಳ ಕೇಳಿದ ಕಿವಿ ಕೆಂಪಗಿತ್ತು. ಈ ಸಲ ಕನ್ನಡಿಯಿಲ್ಲದೆ, ನೇರ ನನ್ನ ಕಣ್ಣೊಳಗೆ ನೋಡಿದ. ನಾನು ತಲೆ ತಗ್ಗಿಸಲಿಲ್ಲ.

“ಹಾಗಾದ್ರೆ,” ಎಂದ ಮೆಲ್ಲಗೆ, “ನಿಜವಾಗಿ ನಮ್ಮದು ಎಷ್ಟನೇದು?”

“ಎರಡನೇದು.”

“ಎರಡಾ!”

“ಬೋಳಾರದ್ದೇ ಫಸ್ಟ್. ಅದರಲ್ಲಿ ಎರಡು ಮಾತಿಲ್ಲ.”

“ಇಷ್ಟೆಲ್ಲ ಆದ ಮೇಲೂ ಎರಡಾ?” ಅವನು ನನ್ನ ಕೈ ಹಿಡಿದುಕೊಂಡೇ ಕಿರುಚಿದ. ಯಾವಾಗ ಹಿಡಿದನೋ ನನಗೆ ಗೊತ್ತಾಗಿರಲಿಲ್ಲ. “ಮಮ್ಮೀ, ಕೇಳಿದ್ರಾ? ಎರಡಂತೆ!”

“ಕೇಳಿದೆ,” ಎಂದರು ಐರಿನ್ ಆಂಟಿ ಒಳಗಿಂದ. “ಕೈ ಬಿಡ್ಬೇಡ. ಬೋಳಾರಕ್ಕೆ ಓಡಿ ಹೋದಾಳು.”